ಕಾಲರಾ ಹಬ್ಬಿದಾಗ ಹತೋಟಿ ಕೆಲಸ ನಡೆಸುವುದು ಹೇಗೆ

ಕಾಲರಾ ಹತೋಟಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ರೋಗ ಬಂದವರು ಸಾಯದಂತೆ ನೋಡಿಕೊಳ್ಳುವುದು ಒಂದು, ಹೊಸಬರಿಗೆ ತಗಲದಂತೆ ತಡೆಯುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದದ್ದು ದ್ರವ, ಅದೂ ರೋಗಿಯ ಮನೆಗೆ ಹತ್ತಿರದಲ್ಲಿ. ಎರಡನೆಯದಕ್ಕೆ ಬೇಕಾದದ್ದು ಕ್ಲೋರಿನ್ ಉಳಿದಿರುವ ನೀರು, ಮಲದ ಸರಿಯಾದ ವಿಲೇವಾರಿ, ಲಸಿಕೆ. ಎರಡನ್ನೂ ಒಂದೇ ಎಂದುಕೊಂಡ ಕಡೆ ಬೀದಿ ತುಂಬ ಬ್ಲೀಚಿಂಗ್ ಪೌಡರ್ ಎರಚುವ ಕೆಲಸ ಭರದಿಂದ ಸಾಗುತ್ತದೆ, ಅದೇ ಬೀದಿಯ ರೋಗಿ ಒಂದು ಪೊಟ್ಟಣ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ) ಸಿಗದೆ ಆಸ್ಪತ್ರೆಯ ದಾರಿಯಲ್ಲಿ ಸಾಯುತ್ತಾನೆ.

ವಿಬ್ರಿಯೊ ಕಾಲರೇ ಎಂಬ ಬ್ಯಾಕ್ಟೀರಿಯಾದ ಒ1 ಮತ್ತು ಒ139 ಬಗೆಗಳು ಮಾತ್ರ ಸಾಂಕ್ರಾಮಿಕ ಎಬ್ಬಿಸುತ್ತವೆ. ಬಾಯಿಯ ಮೂಲಕ ಒಳಹೊಕ್ಕು ಕೆಲವು ಗಂಟೆಗಳಿಂದ 5 ದಿನಗಳ ಒಳಗೆ ರೋಗ ತೋರುತ್ತದೆ. ತೀವ್ರವಾಗಿ ಬಂದ ವಯಸ್ಕರಲ್ಲಿ ಗಂಟೆಗೆ 1 ಲೀಟರಿನವರೆಗೂ ನೀರು ಹೊರಹೋಗಬಹುದು. ಆದರೆ ಸೋಂಕು ತಗಲಿದ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಇದ್ದರೂ ಸಾಮಾನ್ಯ ಭೇದಿಯಷ್ಟೇ. ಅಂಥವರ ಮಲದಲ್ಲೂ 1ರಿಂದ 10 ದಿನ ರೋಗಾಣು ಹೋಗುತ್ತಿರುತ್ತದೆ. ರೋಗಿಗಳನ್ನು ಕೂಡಿಹಾಕಿ ಕಾಲರಾ ನಿಲ್ಲಿಸಲು ಆಗದಿರುವುದಕ್ಕೆ ಇದೇ ಕಾರಣ.

ಚಿಕಿತ್ಸೆಯ ಬುನಾದಿಯೂ ಇಷ್ಟೇ ಸರಳ. 1959ರಲ್ಲಿ ಕೋಲ್ಕತ್ತದ ವಿಜ್ಞಾನಿ ಶಂಭುನಾಥ ಡೇ ತೋರಿಸಿಕೊಟ್ಟಂತೆ ಈ ರೋಗಾಣು ಒಂದು ವಿಷವನ್ನು ಬಿಡುತ್ತದೆ. ಆ ವಿಷದಿಂದ ಕರುಳು ನೀರು, ಉಪ್ಪು ಎರಡನ್ನೂ ಒಳಕ್ಕೆ ಸುರಿಸುತ್ತದೆ, ಆದರೆ ಕರುಳಿನ ಗೋಡೆ ಹಾಳಾಗುವುದಿಲ್ಲ. ಗ್ಲೂಕೋಸ್ ಜೊತೆ ಸೋಡಿಯಂ ಹೀರಿಕೊಳ್ಳುವ ದಾರಿ ಹಾಗೇ ಉಳಿದಿರುತ್ತದೆ. ಓಆರ್‌ಎಸ್ ಆ ದಾರಿಯಲ್ಲೇ ಕೆಲಸ ಮಾಡುತ್ತದೆ. ಚಿಕಿತ್ಸೆಯಿಲ್ಲದ ತೀವ್ರ ಕಾಲರಾದಲ್ಲಿ ಅರ್ಧದಷ್ಟು ಜನ ಸಾಯಬಹುದು. ದ್ರವ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ನೂರಕ್ಕೆ ಒಬ್ಬರೂ ಸಾಯಬಾರದು.

ಸುಳಿವು ಹಿಡಿಯುವುದು

ದೊಡ್ಡವರು ನೀರಾದ ಭೇದಿಯಿಂದ ಕಣ್ಣು ಗುಳಿಬಿದ್ದು, ನಾಡಿ ಸಿಗದ ಸ್ಥಿತಿಗೆ ಬಂದರೆ ಮೊದಲು ಕಾಲರಾವನ್ನೇ ನೆನೆಯಬೇಕು. ಬೇರೆ ಭೇದಿಗಳು ಚಿಕ್ಕ ಮಕ್ಕಳನ್ನು ಹೀಗೆ ಒಣಗಿಸುತ್ತವೆ, ವಯಸ್ಕರನ್ನು ಒಣಗಿಸುವುದು ಅಪರೂಪ. ಮಲದಲ್ಲಿ ರಕ್ತವಿರುವುದಿಲ್ಲ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ತೀವ್ರವಾದಾಗ ಮಲಕ್ಕೆ ಅಕ್ಕಿ ತೊಳೆದ ನೀರಿನ ಬಣ್ಣ ಬಂದಿರುತ್ತದೆ.

ಸಾಂಕ್ರಾಮಿಕ ಘೋಷಣೆಯಾಗದ ಪ್ರದೇಶದಲ್ಲಿ ಶಂಕಿತ ರೋಗಿ ಎಂದರೆ 2 ವರ್ಷ ಅಥವಾ ಮೇಲ್ಪಟ್ಟ ವಯಸ್ಸಿನ, ನೀರಾದ ಭೇದಿಯಿಂದ ತೀವ್ರ ನಿರ್ಜಲೀಕರಣವಾದ ಅಥವಾ ಸತ್ತ ವ್ಯಕ್ತಿ. ಒಂದೇ ಪ್ರದೇಶದಲ್ಲಿ ಒಂದು ವಾರದೊಳಗೆ ಇಂಥ ಇಬ್ಬರು ತೀವ್ರ ರೋಗಿಗಳು ಸಿಕ್ಕರೆ, ಅಥವಾ ಒಂದು ಸಾವಾದರೆ, ಆ ದಿನವೇ ತನಿಖೆ ಶುರುವಾಗಬೇಕು. ಪ್ರಯೋಗಾಲಯದ ಫಲಿತಾಂಶ ಬರಲಿ ಎಂದು ಕಾಯುವಂತಿಲ್ಲ. ಕಾಲರಾ ಖಚಿತವಾದ ಮೇಲೆ ವ್ಯಾಖ್ಯೆ ಸಡಿಲವಾಗುತ್ತದೆ: 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ರಕ್ತವಿಲ್ಲದ ನೀರಾದ ಭೇದಿಯಾದ ಯಾವ ವಯಸ್ಸಿನವರೂ ಶಂಕಿತರೇ. ವ್ಯಾಖ್ಯೆ ಬದಲಾದ ತಾರೀಖನ್ನು ಬರೆದಿಡಬೇಕು. ಇಲ್ಲದಿದ್ದರೆ ಆ ವಾರ ಗ್ರಾಫಿನಲ್ಲಿ ಕಾಣುವ ಏರಿಕೆ ರೋಗದ್ದೋ ಲೆಕ್ಕದ್ದೋ ತಿಳಿಯುವುದಿಲ್ಲ.

ರ‍್ಯಾಪಿಡ್ ಟೆಸ್ಟ್ ಎಚ್ಚರಿಕೆಗೆ ಮತ್ತು ಯಾವ ಮಾದರಿ ಕಳಿಸಬೇಕೆಂದು ಆರಿಸುವುದಕ್ಕೆ ಒಳ್ಳೆಯದು. ಒಬ್ಬ ರೋಗಿಗೆ ಚಿಕಿತ್ಸೆ ಕೊಡಬೇಕೇ ಬೇಡವೇ ಎಂಬುದನ್ನು ಅದು ತೀರ್ಮಾನಿಸಬಾರದು. ಖಚಿತಪಡಿಸುವುದು ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವುದು) ಅಥವಾ ಪಿಸಿಆರ್ (ಅದರ ವಂಶವಾಹಿಯನ್ನು ಹುಡುಕುವುದು). ಆಂಟಿಬಯೋಟಿಕ್ ಕೊಡುವ ಮೊದಲೇ ಹೊಸ ಮಲದಲ್ಲಿ ಅದ್ದಿದ ಅಥವಾ ಗುದದ್ವಾರದಿಂದ ತೆಗೆದ ಸ್ವಾಬನ್ನು (ತುದಿಗೆ ಹತ್ತಿಯಿರುವ ಕಡ್ಡಿ) ರೋಗಾಣುವನ್ನು ಜೀವಂತ ಸಾಗಿಸುವ ಕ್ಯಾರಿ-ಬ್ಲೇರ್ ಮಾಧ್ಯಮದ ಕೊಳವೆಗೆ ತಳದವರೆಗೆ ಚುಚ್ಚಿ, ಕಡ್ಡಿಯ ತುದಿ ಮುರಿದು, ಮುಚ್ಚಳ ಬಿಗಿಯಬೇಕು. ಅದು ಕೋಣೆಯ ಉಷ್ಣತೆಯಲ್ಲಿ ಒಂದು ವಾರ ಬಾಳುತ್ತದೆ. ಇಲ್ಲಿ ಪದೇಪದೇ ಆಗುವ ತಪ್ಪು ಒಂದಿದೆ. ಮಾದರಿ ಎಂದ ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ವಿಬ್ರಿಯೊಗೆ ತಂಪು ಆಗದು. ಪ್ರಯೋಗಾಲಯದಲ್ಲಿ ಏನೂ ಬೆಳೆಯುವುದಿಲ್ಲ, ‘ಕಾಲರಾ ಇಲ್ಲ’ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಬೆಳೆದ ರೋಗಾಣುವಿಗೆ ಯಾವ ಆಂಟಿಬಯೋಟಿಕ್ ಹಿಡಿಯುತ್ತದೆ ಎಂಬ ಪರೀಕ್ಷೆಯನ್ನೂ ಮೊದಲ ಬಾರಿಗೇ ಕೇಳಿಕೊಳ್ಳಿ. ಕಾಲರಾ ಎಂದು ಒಮ್ಮೆ ಖಚಿತವಾದ ಮೇಲೆ ಪ್ರತಿಯೊಬ್ಬರ ಮಾದರಿ ಕಳಿಸುವ ಅಗತ್ಯವಿಲ್ಲ. ಹೊಸ ಪ್ರದೇಶಕ್ಕೆ ಹರಡಿತೇ, ಔಷಧಕ್ಕೆ ಬಗ್ಗದ ತಳಿ ಬಂತೇ ಎಂದು ನೋಡುವಷ್ಟು ಕಳಿಸಿದರೆ ಸಾಕು.

ಪಟ್ಟಿ ಮತ್ತು ನಕ್ಷೆ

ಪ್ರತಿ ರೋಗಿಗೆ ಒಂದು ಸಾಲು: ವಯಸ್ಸು, ಲಿಂಗ, ಮನೆ ಎಲ್ಲಿ, ಭೇದಿ ಶುರುವಾದ ದಿನ, ಬಂದ ದಿನ ಮತ್ತು ಗಂಟೆ, ನಿರ್ಜಲೀಕರಣದ ಮಟ್ಟ, ಕುಡಿಯುವ ನೀರಿನ ಮೂಲ, ಫಲಿತಾಂಶ. ಊರಿನ ಹೆಸರಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಬೀದಿ, ಯಾವ ಬಾವಿಯ ಪಕ್ಕ ಎಂಬುದು ಬೇಕು. ಸಂಜೆ ಆ ಮನೆಗಳನ್ನು ನಕ್ಷೆಯ ಮೇಲೆ ಚುಕ್ಕಿಯಾಗಿ ಇಡಿ. ಅದೇ ನಕ್ಷೆಯಲ್ಲಿ ನಲ್ಲಿ, ಬಾವಿ, ಬೋರ್‌ವೆಲ್, ಟ್ಯಾಂಕರ್ ನಿಲ್ಲುವ ಜಾಗ, ಚರಂಡಿ, ಸಂತೆ ಎಲ್ಲವೂ ಇರಲಿ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಜಾನ್ ಸ್ನೋ ಎಂಬ ವೈದ್ಯ ಮಾಡಿದ್ದು ಇದನ್ನೇ. ಸೆಪ್ಟೆಂಬರ್ 8ರಂದು, ಯಾರೂ ನೀರೆತ್ತದಂತೆ ಪಂಪಿನ ಹಿಡಿಕೆ ತೆಗೆಯುವ ಹೊತ್ತಿಗೆ ರೋಗ ಇಳಿಮುಖವಾಗಿತ್ತು ಎಂಬುದೂ ನಿಜ, ಜನ ಊರು ಬಿಟ್ಟಿದ್ದರು. ನಮಗೆ ಅದರಿಂದ ಸಿಗುವ ಪಾಠ ಹಿಡಿಕೆಗಿಂತ ಹೆಚ್ಚಾಗಿ ಮನೆಮನೆ ಸುತ್ತಿ ‘ನೀರು ಎಲ್ಲಿಂದ ತರುತ್ತೀರಿ’ ಎಂದು ಕೇಳಿದ ಕ್ರಮದಲ್ಲಿದೆ. ರೋಗ ಬಂದವರನ್ನು ಮಾತ್ರ ಕೇಳಿದರೆ ಸಾಲದು. ಪಕ್ಕದಲ್ಲೇ ಇದ್ದೂ ರೋಗ ಬಾರದ ಮನೆಯವರನ್ನೂ ಅದೇ ಪ್ರಶ್ನೆ ಕೇಳಬೇಕು. ಮೂಲ ಸಿಗುವುದು ಇಬ್ಬರ ಉತ್ತರದ ನಡುವಿನ ವ್ಯತ್ಯಾಸದಲ್ಲಿ.

ಚಿಕಿತ್ಸೆಯನ್ನು ಮನೆಯ ಹತ್ತಿರಕ್ಕೆ ಒಯ್ಯುವುದು

ಒಂದೇ ದೊಡ್ಡ ಕೇಂದ್ರ ತೆರೆದು ಎಲ್ಲರೂ ಅಲ್ಲಿಗೆ ಬರಲಿ ಎನ್ನುವುದು ನೋಡಲು ಅಚ್ಚುಕಟ್ಟು, ಆದರೆ ದೂರದವರನ್ನು ಅದು ಕೊಲ್ಲುತ್ತದೆ. ರೋಗ ಇರುವ ಪ್ರತಿ ಬಡಾವಣೆಯಲ್ಲಿ, ನಡೆದು ಹೋಗುವ ದೂರದಲ್ಲಿ ಓಆರ್‌ಎಸ್ ಕೇಂದ್ರ ಬೇಕು. ನೆರಳು, ಬೆಂಚು, ನಲ್ಲಿಯಿರುವ ಎರಡು ಡ್ರಮ್ಮು, ಅಳತೆಯ ಜಗ್ಗು, ಲೋಟ, ಸಾಬೂನು, ಕೈತೊಳೆಯುವ ನೀರು, ಒಂದು ಶೌಚಾಲಯ, ತರಬೇತಾದ ಇಬ್ಬರು, ಮತ್ತು ತೀವ್ರ ರೋಗಿಯನ್ನು ಕಳಿಸಲು ಗೊತ್ತುಮಾಡಿದ ವಾಹನ. ಇಷ್ಟಿದ್ದರೆ ಹೆಚ್ಚಿನ ರೋಗಿಗಳಿಗೆ ಅಲ್ಲೇ ಚಿಕಿತ್ಸೆ ಮುಗಿಯುತ್ತದೆ. ಡ್ರಿಪ್ ಬೇಕಾದವರಿಗಾಗಿ 24 ಗಂಟೆಯೂ ನಡೆಯುವ ಕಾಲರಾ ಚಿಕಿತ್ಸಾ ಕೇಂದ್ರ ಬೇರೆ.

ಸಾಮಾನು ಎಷ್ಟು ಬೇಕು ಎಂಬುದಕ್ಕೆ ಹೀಗೆ ಲೆಕ್ಕ ಹಾಕಿ. ಜನಸಂಖ್ಯೆ 50,000, ಅದರಲ್ಲಿ ನೂರಕ್ಕೆ 2 ಜನಕ್ಕೆ ಬರುತ್ತದೆ ಎಂದಿಟ್ಟುಕೊಂಡರೆ 1,000 ರೋಗಿಗಳು. ನಾಲ್ಕರಲ್ಲಿ ಒಬ್ಬರು ತೀವ್ರ ಎಂದರೆ 250 ಜನ. ತೀವ್ರ ರೋಗಿಗೆ 8ರಿಂದ 10 ಲೀಟರ್ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ ಮೂಲಕ ಕೊಡುವ ಲವಣದ ದ್ರವ), ಅಂದರೆ 2,000ದಿಂದ 2,500 ಲೀಟರ್. ಎಲ್ಲ ರೋಗಿಗಳಿಗೂ ತಲಾ 10 ಲೀಟರ್ ಓಆರ್‌ಎಸ್, ಅಂದರೆ 1 ಲೀಟರಿನ 10,000 ಪೊಟ್ಟಣ. ಒತ್ತೊತ್ತಾಗಿ ಜನ ತುಂಬಿದ ಶಿಬಿರದಲ್ಲಿ ಈ 2 ಎಂಬುದು 5ಕ್ಕೂ ಏರಬಹುದು. ಹಾಸಿಗೆಗೆ ಬೇರೆ ಲೆಕ್ಕ: ರೋಗ ಉತ್ತುಂಗದಲ್ಲಿರುವ ದಿನ ದಾಖಲಾಗುವವರ ಸಂಖ್ಯೆಯನ್ನು ಅವರು ಉಳಿಯುವ 2-3 ದಿನಗಳಿಂದ ಗುಣಿಸಿ.

ಕೇಂದ್ರಕ್ಕೆ ಒಳಬರುವ ಬಾಗಿಲು ಒಂದೇ, ಹೊರಹೋಗುವ ಬಾಗಿಲು ಒಂದೇ. ಬಾಗಿಲಲ್ಲೇ ರೋಗಿಯನ್ನು ವಿಂಗಡಿಸುವ ಜಾಗ, ನಂತರ ಓಆರ್‌ಎಸ್ ಕುಡಿಸುವ ಜಾಗ, ಡ್ರಿಪ್ ವಾರ್ಡು, ಚೇತರಿಕೆಯ ವಾರ್ಡು, ಹಿಂದೆ ಶವಾಗಾರ ಮತ್ತು ಕಸದ ಗುಂಡಿ. ಅಡುಗೆಮನೆ, ಔಷಧದ ಉಗ್ರಾಣ, ಸಿಬ್ಬಂದಿಯ ಜಾಗ ಇವು ರೋಗಿಗಳಿರುವ ಭಾಗದಿಂದ ಬೇರ್ಪಟ್ಟಿರಬೇಕು. ನೀರು ರೋಗಿಗೆ ದಿನಕ್ಕೆ 60 ಲೀಟರ್, ಜೊತೆಗಿರುವವರಿಗೆ 15 ಲೀಟರ್. ನೀರು ಸಿಗದ ಜಾಗದಲ್ಲಿ ಕೇಂದ್ರ ತೆರೆದರೆ ಅದೇ ರೋಗ ಹರಡುವ ತಾಣವಾಗುತ್ತದೆ. ಮಂಚದ ನಡುವೆ ರಂಧ್ರ ಮಾಡಿ, ಅದರ ಕೆಳಗೆ ಅಳತೆಯ ಗೆರೆಯಿರುವ ಬಕೆಟ್ ಇಡಬೇಕು. ರಂಧ್ರದ ಮಂಚದಿಂದ ಶುಚಿತ್ವ ಸುಲಭ, ಜೊತೆಗೆ ಎಷ್ಟು ನೀರು ಹೋಯಿತು ಎಂಬ ಲೆಕ್ಕ ಸಿಗುತ್ತದೆ, ಅಷ್ಟನ್ನು ಮತ್ತೆ ತುಂಬಿಸಬೇಕು.

ದ್ರವ ಕೊಡುವ ಕ್ರಮ

ಚರ್ಮ ಚಿವುಟಿ ಬಿಟ್ಟರೆ ತಟ್ಟನೆ ಮರಳುತ್ತಿದೆ, ಕಣ್ಣು ಸರಿಯಾಗಿದೆ, ರೋಗಿ ಎಚ್ಚರವಾಗಿದ್ದಾನೆ ಎಂದರೆ ನಿರ್ಜಲೀಕರಣವಿಲ್ಲ. ಪ್ರತಿ ಭೇದಿಯ ನಂತರ 2 ವರ್ಷದೊಳಗಿನವರಿಗೆ 50-100 ಮಿ.ಲೀ., 2ರಿಂದ 9 ವರ್ಷದವರಿಗೆ 100-200 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು ಓಆರ್‌ಎಸ್. ತಳಮಳ, ಬಾಯಾರಿಕೆ, ಗುಳಿಬಿದ್ದ ಕಣ್ಣು, ನಿಧಾನವಾಗಿ ಮರಳುವ ಚರ್ಮ ಇವುಗಳಲ್ಲಿ ಎರಡು ಕಂಡರೆ ಕೆ.ಜಿ.ಗೆ 75 ಮಿ.ಲೀ.ನಂತೆ 4 ಗಂಟೆಯಲ್ಲಿ ಕುಡಿಸಬೇಕು, 10 ಕೆ.ಜಿ. ಮಗುವಿಗೆ ಅದು 750 ಮಿ.ಲೀ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರುಮಾಡಿ. ವಾಂತಿಯಾಗುತ್ತದೆ ಎಂದು ನಿಲ್ಲಿಸಬಾರದು. ಎದೆಹಾಲು ಯಾವ ಹಂತದಲ್ಲೂ ನಿಲ್ಲಬಾರದು.

ಪೊಟ್ಟಣ ಸಿಗದ ಕಡೆ 1 ಲೀಟರ್ ಸುರಕ್ಷಿತ ನೀರಿಗೆ ಗೀಟಿ ಸಮಮಾಡಿದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಸಕ್ಕರೆ ಹೆಚ್ಚಾದರೆ ಭೇದಿ ಜಾಸ್ತಿ. ಕಣ್ಣಳತೆ ಬೇಡ. ಬೆರೆಸಿದ ಓಆರ್‌ಎಸ್ 24 ಗಂಟೆಯ ನಂತರ ಚೆಲ್ಲಬೇಕು.

ನಾಡಿ ಸಿಗದಷ್ಟು ಕ್ಷೀಣ, ಮಂಪರು ಅಥವಾ ಪ್ರಜ್ಞೆಯಿಲ್ಲ, ಕುಡಿಯಲಾಗುತ್ತಿಲ್ಲ ಎಂದರೆ ತೀವ್ರ ನಿರ್ಜಲೀಕರಣ. ಇಲ್ಲಿ ನಿಮಿಷಗಳು ಎಣಿಕೆಗೆ ಬರುತ್ತವೆ. ದಪ್ಪ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕಿ, ಬೇಕಾದರೆ ಎರಡೂ ಕೈಗೆ, ರಿಂಗರ್ ಲ್ಯಾಕ್ಟೇಟ್ ಕೊಡಬೇಕು. 1 ವರ್ಷ ಮತ್ತು ಮೇಲ್ಪಟ್ಟವರಿಗೆ ಕೆ.ಜಿ.ಗೆ 30 ಮಿ.ಲೀ. ಅರ್ಧ ಗಂಟೆಯಲ್ಲಿ, ನಂತರ ಕೆ.ಜಿ.ಗೆ 70 ಮಿ.ಲೀ. ಎರಡೂವರೆ ಗಂಟೆಯಲ್ಲಿ. 1 ವರ್ಷದೊಳಗಿನ ಶಿಶುವಿಗೆ ಅದೇ ಅಳತೆ, ಆದರೆ 1 ಗಂಟೆ ಮತ್ತು 5 ಗಂಟೆ. 50 ಕೆ.ಜಿ. ತೂಕದವರಿಗೆ ಇದು ಮೊದಲ ಅರ್ಧ ಗಂಟೆಯಲ್ಲಿ ಒಂದೂವರೆ ಲೀಟರ್, ಮೂರು ಗಂಟೆಯಲ್ಲಿ ಒಟ್ಟು 5 ಲೀಟರ್. ಬೇರೆ ರೋಗಿಗಳಿಗೆ ಹನಿಹನಿಯಾಗಿ ಬಿಟ್ಟು ಅಭ್ಯಾಸವಾದ ಕೈಗೆ ಇದು ಧೈರ್ಯ ಸಾಲದ ವೇಗ, ಆದ್ದರಿಂದಲೇ ಹೊಸ ಸಿಬ್ಬಂದಿಯ ಕೈಯಲ್ಲಿ ಡ್ರಿಪ್ ನಿಧಾನವಾಗಿ ಹೋಗುತ್ತದೆ. ಮೊದಲ ಭಾಗ ಮುಗಿದ ಮೇಲೂ ನಾಡಿ ಬಲವಾಗದಿದ್ದರೆ ಅದನ್ನೇ ಮತ್ತೊಮ್ಮೆ ಕೊಡಬೇಕು. ನಾಡಿ ಬಲವಾಗುವವರೆಗೆ 15-30 ನಿಮಿಷಕ್ಕೊಮ್ಮೆ ನೋಡುತ್ತಿರಬೇಕು. ಕುಡಿಯಲು ಶಕ್ತಿ ಬಂದ ಕೂಡಲೇ ಡ್ರಿಪ್ ಜೊತೆಗೇ ಗಂಟೆಗೆ ಕೆ.ಜಿ.ಗೆ 5 ಮಿ.ಲೀ. ಓಆರ್‌ಎಸ್; ಪೊಟ್ಯಾಸಿಯಂ ಸಾಕಷ್ಟು ಸಿಗುವುದು ಅದರಿಂದಲೇ. ರಿಂಗರ್ ಲ್ಯಾಕ್ಟೇಟ್ ಇಲ್ಲದಿದ್ದರೆ ನಾರ್ಮಲ್ ಸಲೈನ್ ಆದೀತು. ಬರಿ ಗ್ಲೂಕೋಸ್ ಡ್ರಿಪ್ ಮಾತ್ರ ಬೇಡವೇ ಬೇಡ, ಹೋದ ಉಪ್ಪನ್ನು ಅದು ತುಂಬಿಸುವುದಿಲ್ಲ.

ತೀವ್ರ ಅಪೌಷ್ಟಿಕತೆಯ ಮಕ್ಕಳು, ತೀರಾ ರಕ್ತಹೀನತೆ ಇರುವವರು, ವಯಸ್ಸಾದ ಹೃದ್ರೋಗಿಗಳು ಈ ವೇಗ ತಾಳುವುದಿಲ್ಲ. ಇವರಿಗೆ ನಿಧಾನವಾದ ಪ್ರತ್ಯೇಕ ಕ್ರಮವಿದೆ, ಉಸಿರಾಟದ ವೇಗ ಏರುತ್ತಿದೆಯೇ ಎಂದು ಬಿಡದೆ ನೋಡಬೇಕು.

ಆಂಟಿಬಯೋಟಿಕ್ ಎರಡನೆಯ ಮಾತು. ತೀವ್ರ ನಿರ್ಜಲೀಕರಣದವರಿಗೆ, ಭೇದಿಯ ಪ್ರಮಾಣ ಇಳಿಯದವರಿಗೆ, ಗರ್ಭಿಣಿಯರಿಗೆ, ಅಪೌಷ್ಟಿಕತೆಯಂಥ ಬೇರೆ ತೊಂದರೆ ಇರುವವರಿಗೆ ಕೊಟ್ಟರೆ ಭೇದಿಯ ಅವಧಿ ಕಡಿಮೆಯಾಗುತ್ತದೆ. ವಯಸ್ಕರಿಗೆ ಡಾಕ್ಸಿಸೈಕ್ಲಿನ್ 300 ಮಿ.ಗ್ರಾಂ. ಒಂದೇ ಸಲ, ಅದು ಹಿಡಿಯದ ತಳಿಯಾದರೆ ಅಜಿತ್ರೋಮೈಸಿನ್ 1 ಗ್ರಾಂ. ಒಂದೇ ಸಲ, ಮಕ್ಕಳಿಗೆ ಕೆ.ಜಿ.ಗೆ 20 ಮಿ.ಗ್ರಾಂ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ. ಜಿಂಕ್, 10 ದಿನ; 6 ತಿಂಗಳೊಳಗಿನವರಿಗೆ ಅದರ ಅರ್ಧ. ನಿರ್ಜಲೀಕರಣದ ಗುರುತಿಲ್ಲ, ಕಳೆದ 6 ಗಂಟೆಯಲ್ಲಿ ಭೇದಿ ಮೂರಕ್ಕಿಂತ ಕಡಿಮೆ, ಮೂತ್ರ ಹೋಗುತ್ತಿದೆ ಎಂದಾದರೆ ಓಆರ್‌ಎಸ್ ಪೊಟ್ಟಣ ಕೊಟ್ಟು ಮನೆಗೆ ಕಳಿಸಿ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ತೀರಿಹೋದಾಗ ವೈದ್ಯ ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ತುಂಬಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವತ್ತಿಗೂ ಕೇಂದ್ರದಲ್ಲಿ ಅತಿ ಹೆಚ್ಚು ಓಆರ್‌ಎಸ್ ಕುಡಿಸಬಲ್ಲವರು ಪಕ್ಕದಲ್ಲಿ ಕೂತ ತಾಯಿ, ಮಗಳು, ಅಣ್ಣ. ಅವರನ್ನು ಹೊರಗೆ ಕಳಿಸುವ ಬದಲು ಕೈತೊಳೆಯುವುದನ್ನು ಕಲಿಸಿ, ಲೋಟ ಕೈಗೆ ಕೊಡಿ.

ಸಾವಿನ ಲೆಕ್ಕವನ್ನು ಓದುವ ಬಗೆ

ವಾರಕ್ಕೊಮ್ಮೆ ಸಾವಿನ ಪ್ರಮಾಣ ತೆಗೆಯಿರಿ: 200 ರೋಗಿಗಳಲ್ಲಿ 5 ಸಾವಾದರೆ ಶೇ 2.5. ಶೇ 1ರ ಮೇಲೆ ಹೋದರೆ ಎಲ್ಲೋ ಎಡವಿದ್ದೇವೆ. ಎಲ್ಲಿ ಎಂಬುದನ್ನು ಸಾವು ಆದ ಜಾಗ ಮತ್ತು ಹೊತ್ತು ಹೇಳುತ್ತವೆ. ಸಾವು ಮನೆಯಲ್ಲಿ, ದಾರಿಯಲ್ಲಿ ಆಗುತ್ತಿದ್ದರೆ ಓಆರ್‌ಎಸ್ ಕೇಂದ್ರ ದೂರವಿದೆ, ವಾಹನವಿಲ್ಲ, ದುಡ್ಡು ಕೇಳುತ್ತಾರೆಂಬ ಭಯವಿದೆ, ಇಲ್ಲವೇ ರೋಗ ಮುಚ್ಚಿಡುತ್ತಿದ್ದಾರೆ. ಕೇಂದ್ರಕ್ಕೆ ಬಂದ ಮೊದಲ 4 ಗಂಟೆಯೊಳಗೆ ಆಗುತ್ತಿದ್ದರೆ ತಡವಾಗಿ ಬರುತ್ತಿದ್ದಾರೆ ಅಥವಾ ಡ್ರಿಪ್ ನಿಧಾನವಾಗಿದೆ. ರಾತ್ರಿ ಹೆಚ್ಚಿದ್ದರೆ ರಾತ್ರಿ ಪಾಳಿಯಲ್ಲಿ ಕೈ ಸಾಲದು, ಖಾಲಿಯಾದ ಬಾಟಲಿ ಬದಲಿಸುವವರಿಲ್ಲ. ಒಂದು ದಿನ ಕಳೆದ ಮೇಲೆ ಆಗುತ್ತಿದ್ದರೆ ದ್ರವ ಅತಿಯಾಗಿ ಶ್ವಾಸಕೋಶಕ್ಕೆ ನೀರು ತುಂಬಿರಬಹುದು, ಮಕ್ಕಳಲ್ಲಿ ಸಕ್ಕರೆ ಇಳಿದಿರಬಹುದು, ಅಥವಾ ದ್ರವ ಸಾಲದೆ ಮೂತ್ರಪಿಂಡ ಕೈಕೊಟ್ಟಿರಬಹುದು. ಪ್ರತಿ ಸಾವನ್ನೂ ಮರುದಿನವೇ ಕೂತು ಪರಿಶೀಲಿಸಿ, ಬೈಯುವುದಕ್ಕಲ್ಲ, ಮರುದಿನದ ವ್ಯವಸ್ಥೆ ಬದಲಿಸುವುದಕ್ಕೆ. ಮನೆಯಲ್ಲಾದ ಸಾವು ಕೇಂದ್ರದ ಪುಸ್ತಕಕ್ಕೆ ಬರುವುದಿಲ್ಲ. ಅದನ್ನು ಹುಡುಕಿ ಬರೆಯದಿದ್ದರೆ ಪ್ರಮಾಣ ಸುಳ್ಳೇ ಕಡಿಮೆ ಕಾಣುತ್ತದೆ.

ನೀರು

ಹರಡುವಿಕೆ ನಿಲ್ಲುವುದು ಇಲ್ಲಿ. ತಲೆಗೆ ದಿನಕ್ಕೆ ಕನಿಷ್ಠ 15-20 ಲೀಟರ್ ನೀರು ಸಿಗಬೇಕು. ಅಷ್ಟು ಸಿಗದವರಿಗೆ ಕೈತೊಳೆಯಿರಿ ಎಂದು ಹೇಳುವುದು ಬರಿ ಮಾತು.

ಕ್ಲೋರಿನ್ ಹಾಕಿದ್ದೇವೆ ಎಂಬುದು ಮುಖ್ಯವಲ್ಲ, ನೀರಿನಲ್ಲಿ ಎಷ್ಟು ಉಳಿದಿದೆ ಎಂಬುದು ಮುಖ್ಯ. ಕಾಲರಾ ಕಾಲದಲ್ಲಿ ಉಳಿಕೆ ಕ್ಲೋರಿನ್ ಕೊಳವೆ ಜಾಲದ ಎಲ್ಲ ಕಡೆ ಲೀಟರಿಗೆ 0.5 ಮಿ.ಗ್ರಾಂ., ಸಾರ್ವಜನಿಕ ನಲ್ಲಿಯಲ್ಲಿ 1, ಟ್ಯಾಂಕರಿಗೆ ತುಂಬುವಾಗ 2 ಇರಬೇಕು. ಮನೆಯ ಕೊಡದಲ್ಲಿ 0.2ಕ್ಕಿಂತ ಕೆಳಗಿಳಿಯಬಾರದು. ಅಳೆಯಲು ಡಿಪಿಡಿ 1 ಎಂಬ, ಕ್ಲೋರಿನ್ ಇದ್ದರೆ ನೀರಿಗೆ ಬಣ್ಣ ತರುವ ಮಾತ್ರೆ ಮತ್ತು ಬಣ್ಣ ಹೋಲಿಸುವ ಪೆಟ್ಟಿಗೆ ಸಾಕು. ನೀರಿನ ಕೆಲಸಕ್ಕೆ ಹೋಗುವ ಪ್ರತಿ ತಂಡದ ಚೀಲದಲ್ಲೂ ಅದು ಇರಬೇಕು.

ಡೋಸ್ ಗೊತ್ತುಮಾಡುವುದು ಹೀಗೆ. ಮೊದಲು ಶೇ 1ರ ತಾಯಿ ದ್ರಾವಣ ಮಾಡಿಕೊಳ್ಳಿ: 1 ಲೀಟರ್ ನೀರಿಗೆ ಶೇ 70 ಕ್ಲೋರಿನ್ ಇರುವ ಪುಡಿಯಾದ ಎಚ್‌ಟಿಎಚ್ 15 ಗ್ರಾಂ., ಅಥವಾ ಶೇ 30ರ ಬ್ಲೀಚಿಂಗ್ ಪೌಡರ್ 33 ಗ್ರಾಂ. ಬ್ಲೀಚಿಂಗ್ ಪೌಡರಿನ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಳಸಿ. 20 ಲೀಟರಿನ ಆರು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಆ ಮೂಲದ ನೀರನ್ನೇ ತುಂಬಿ ಕ್ರಮವಾಗಿ 1, 2, 3, 4, 5, 6 ಮಿ.ಲೀ. ದ್ರಾವಣ ಹಾಕಿ ಕಲಕಿ. ಲೋಹದ ಬಕೆಟ್ ಬೇಡ, ಕ್ಲೋರಿನ್ ಅದರಲ್ಲೇ ಕಳೆದುಹೋಗುತ್ತದೆ. ಅರ್ಧ ಗಂಟೆಯ ನಂತರ ಪ್ರತಿಯೊಂದರ ಉಳಿಕೆ ಅಳೆದು, ನಿಮಗೆ ಬೇಕಾದ ಮಟ್ಟ ಕೊಟ್ಟ ಬಕೆಟ್ ಆರಿಸಿ. 4 ಮಿ.ಲೀ. ಹಾಕಿದ್ದು ಸರಿಯಾಯಿತು ಎಂದರೆ ಲೀಟರಿಗೆ 0.2 ಮಿ.ಲೀ.; 10,000 ಲೀಟರಿನ ಟ್ಯಾಂಕಿಗೆ 2 ಲೀಟರ್ ದ್ರಾವಣ. ಆ ಬಕೆಟ್ಟನ್ನು ಮುಚ್ಚಿಟ್ಟು ಮರುದಿನ ಮತ್ತೆ ಅಳೆಯಿರಿ. ಮನೆಯ ಕೊಡದಲ್ಲಿ ಏನು ಉಳಿಯುತ್ತದೆ ಎಂಬ ಅಂದಾಜು ಸಿಗುತ್ತದೆ.

ಮಳೆ ಬಂದು ನೀರು ಕದಡಿದ ದಿನ ನಿನ್ನೆಯ ಡೋಸ್ ಕೆಲಸಕ್ಕೆ ಬಾರದು. ಮಣ್ಣು, ಕೊಳೆತ ಎಲೆ ಮೊದಲು ಕ್ಲೋರಿನ್ ತಿನ್ನುತ್ತವೆ, ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಕಲಕು 5 ಎನ್‌ಟಿಯು (ಕಲಕನ್ನು ಅಳೆಯುವ ಮಾನ) ದಾಟಿದ್ದರೆ ಮೊದಲು ತಿಳಿಯಾಗಲು ಬಿಡಿ ಅಥವಾ ಸೋಸಿ. ಪಿಎಚ್ 8 ದಾಟಿದ್ದರೆ ಅರ್ಧ ಗಂಟೆಯ ಬದಲು ಒಂದು ಗಂಟೆ ಬಿಡಬೇಕು.

ತೆರೆದ ಬಾವಿಗೆ ದೊಡ್ಡ ಡೋಸ್ ಹಾಕಿ ಶುದ್ಧಿ ಮಾಡಬಹುದು. ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ 3.14 × 1 × 1 × 3, ಸುಮಾರು 9,400 ಲೀಟರ್. ಲೀಟರಿಗೆ 50 ಮಿ.ಗ್ರಾಂ. ಕ್ಲೋರಿನ್ ಎಂದರೆ 470 ಗ್ರಾಂ., ಶೇ 30ರ ಬ್ಲೀಚಿಂಗ್ ಪೌಡರ್ ಆದರೆ 1.6 ಕೆ.ಜಿ. ಹಾಕಿ 12 ಗಂಟೆ ಬಿಟ್ಟು, ಉಳಿಕೆ 0.5ಕ್ಕೆ ಇಳಿಯುವವರೆಗೆ ನೀರು ಹೊರಹಾಕಬೇಕು. ಅಲ್ಲಿಯವರೆಗೆ ಯಾರೂ ಕುಡಿಯದಂತೆ ಕಾವಲಿರಬೇಕು. ಆದರೆ ಇದರ ಮೇಲೆ ಭರವಸೆ ಇಡಬೇಡಿ. ಹೊಸ ನೀರು ಊರುತ್ತಿದ್ದಂತೆ, ಕೊಳಕು ಹಗ್ಗ ಮತ್ತೆ ಇಳಿಯುತ್ತಿದ್ದಂತೆ ಬಾವಿ ಮೊದಲಿನಂತಾಗುತ್ತದೆ. ಸಾಂಕ್ರಾಮಿಕದ ನಡುವೆ ಹೆಚ್ಚು ನಂಬಬಹುದಾದದ್ದು ಬಕೆಟ್ ಕ್ಲೋರಿನೇಷನ್: ಬೆಳಗಿನಿಂದ ಸಂಜೆವರೆಗೆ ನೀರು ತುಂಬುವ ಜಾಗದಲ್ಲಿ ಒಬ್ಬರು ಕೂತು, ಪ್ರತಿ ಕೊಡಕ್ಕೂ ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು ದ್ರಾವಣ ಹಾಕುವುದು. ತಾಯಿ ದ್ರಾವಣವನ್ನು ದಿನವೂ ಹೊಸದಾಗಿ ಮಾಡಿ, ಬಿಸಿಲು ತಾಕದ ಡಬ್ಬದಲ್ಲಿಡಿ. ‘ಅರ್ಧ ಗಂಟೆ ಬಿಟ್ಟು ಕುಡಿಯಿರಿ’ ಎಂದು ಪ್ರತಿಯೊಬ್ಬರಿಗೂ ಹೇಳಬೇಕು. ವಾಸನೆ ಎಂದು ಜನ ನೀರು ಚೆಲ್ಲಿ ಬೇರೆ ಮೂಲಕ್ಕೆ ಹೋಗುತ್ತಿದ್ದರೆ ಡೋಸ್ ಹೆಚ್ಚಾಗಿದೆ, ಬಕೆಟ್ ಪರೀಕ್ಷೆ ಮತ್ತೆ ಮಾಡಿ.

ಸೌದೆ, ಗ್ಯಾಸ್ ಇದ್ದವರಿಗೆ ನೀರು ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಕುದಿಸಿದರೆ ಸಾಕು. ಕುದಿಸಿದ ನೀರಿಗೆ ಉಳಿಕೆ ರಕ್ಷಣೆಯಿಲ್ಲ, ಕೈ ಅದ್ದಿದರೆ ಮುಗಿಯಿತು. ಬಾಯಿ ಕಿರಿದಾದ, ಮುಚ್ಚಳವಿರುವ, ನಲ್ಲಿಯಿಂದ ಬಗ್ಗಿಸುವ ಪಾತ್ರೆ ಕೊಡುವುದು ಅದಕ್ಕಾಗಿಯೇ.

ಶೌಚಾಲಯ ಮೊದಲು 50 ಜನರಿಗೆ ಒಂದು, ಆದಷ್ಟು ಬೇಗ 20 ಜನರಿಗೆ ಒಂದು. ನೀರಿನ ಮೂಲದಿಂದ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲೆ.

ಕ್ಲೋರಿನ್ ದ್ರಾವಣಗಳು

ಕೇಂದ್ರದಲ್ಲಿ ಮೂರೇ ಬಲದ ದ್ರಾವಣ ಇಡಿ, ಪ್ರತಿ ಡ್ರಮ್ಮಿಗೆ ಬೇರೆ ಬಣ್ಣ, ದೊಡ್ಡ ಅಕ್ಷರ. ಕೈತೊಳೆಯಲು ಶೇ 0.05: 10 ಲೀಟರಿಗೆ ಎಚ್‌ಟಿಎಚ್ 7 ಗ್ರಾಂ. ಅಥವಾ ಬ್ಲೀಚಿಂಗ್ ಪೌಡರ್ 16 ಗ್ರಾಂ. ನೆಲ, ಮಂಚ, ಬಟ್ಟೆಗೆ ಶೇ 0.2: 10 ಲೀಟರಿಗೆ 30 ಗ್ರಾಂ. ಅಥವಾ 66 ಗ್ರಾಂ. ಮಲ, ವಾಂತಿ, ಶವಕ್ಕೆ ಶೇ 2: 1 ಲೀಟರಿಗೇ 30 ಗ್ರಾಂ. ಅಥವಾ 66 ಗ್ರಾಂ. ಮಂಚದಡಿಯ ಬಕೆಟ್ಟಿಗೆ ರೋಗಿ ಬಳಸುವ ಮೊದಲೇ ತಳ ಮುಳುಗುವಷ್ಟು ಶೇ 2ರ ದ್ರಾವಣ ಹಾಕಿಡಿ.

ಗಾಳಿಯಾಡುವ ಜಾಗದಲ್ಲಿ, ಕೈಗವಸು ತೊಟ್ಟು, ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಗಲ್ಲ. ಆಸಿಡ್ ಇರುವ ಶೌಚಾಲಯದ ಕ್ಲೀನರ್ ಜೊತೆ ಬೆರೆತರೆ ವಿಷಾನಿಲ ಏಳುತ್ತದೆ. ಕೊಳೆ ಇದ್ದಲ್ಲೇ ದ್ರಾವಣ ಸುರಿದರೆ ಕೊಳೆಯೇ ಕ್ಲೋರಿನ್ ತಿಂದುಹಾಕುತ್ತದೆ. ಮೊದಲು ಒರೆಸಿ, ಆಮೇಲೆ ದ್ರಾವಣ. ಬ್ಲೀಚಿಂಗ್ ಪೌಡರ್ ತೇವ, ಬಿಸಿಲು, ತೆರೆದ ಚೀಲದಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ, ವಾಸನೆ ಮಾತ್ರ ಉಳಿದಿರುತ್ತದೆ. ಚೀಲದ ಮೇಲಿನ 30 ಎಂಬ ಅಂಕೆ ನಂಬಿ ಲೆಕ್ಕ ಹಾಕಿದ ಡೋಸ್ ವಿಫಲವಾಗುವುದು ಹೀಗೆ.

ರೋಗಿಯ ಮನೆಯ ಸುತ್ತ

ರೋಗಿಯ ಮನೆಯವರಿಗೂ ಸುಮಾರು 100 ಮೀಟರ್ ಸುತ್ತಲಿನವರಿಗೂ ಮೊದಲ ಕೆಲವು ದಿನ ಅಪಾಯ ಹೆಚ್ಚು. ತಂಡ 48 ಗಂಟೆಯೊಳಗೆ ಅಲ್ಲಿರಬೇಕು. ವಾರದ ನಂತರ ಹೋದರೆ ಆಗಬೇಕಾದ ಸೋಂಕು ಆಗಿ ಮುಗಿದಿರುತ್ತದೆ. ತಂಡ ಒಯ್ಯಬೇಕಾದದ್ದು ಒಂದು ತಿಂಗಳಿಗಾಗುವ ಕ್ಲೋರಿನ್ ಮಾತ್ರೆ, ಮುಚ್ಚಳದ ಪಾತ್ರೆ, ಸಾಬೂನು, ಓಆರ್‌ಎಸ್, ಮತ್ತು ಮನೆಯವರ ಎದುರೇ ಎಲ್ಲವನ್ನೂ ಮಾಡಿ ತೋರಿಸುವ ತಾಳ್ಮೆ. ನೀರಿನ ಉಳಿಕೆ ಅಳೆಯಿರಿ, ಭೇದಿಯಾಗುತ್ತಿರುವ ಬೇರೆಯವರನ್ನು ಹುಡುಕಿ.

ಮನೆಯೊಳಗೆ ಕ್ಲೋರಿನ್ ಸಿಂಪಡಿಸುವುದು ಬೇಡ. ಹೊಸ ಸೋಂಕು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಬೀದಿಯವರ ಕಣ್ಣೆದುರು ಆ ಮನೆಗೆ ಕಳಂಕ ಅಂಟುತ್ತದೆ, ಮುಂದಿನ ಮನೆಯವರು ರೋಗ ಮುಚ್ಚಿಡುತ್ತಾರೆ. ಊರಿಗೇ ದಿಗ್ಬಂಧನ ಹಾಕುವುದು, ಎಲ್ಲರಿಗೂ ಆಂಟಿಬಯೋಟಿಕ್ ಹಂಚುವುದು ಇವೂ ಬೇಡ. ದಿಗ್ಬಂಧನದಿಂದ ಜನ ಕಳ್ಳದಾರಿಯಲ್ಲಿ ಹೋಗುತ್ತಾರೆ, ಹಂಚಿಕೆಯಿಂದ ಔಷಧಕ್ಕೆ ಬಗ್ಗದ ತಳಿ ಬರುತ್ತದೆ.

ಶವಸಂಸ್ಕಾರದ ವಿಷಯದಲ್ಲಿ ಮನೆಯವರೊಂದಿಗೆ ಮೊದಲು ಕೂತು ಮಾತಾಡಿ. ಶವ ತೊಳೆಯಲೇಬೇಕೆಂದರೆ ಕೈಗವಸು ತೊಟ್ಟವರು ಕ್ಲೋರಿನ್ ದ್ರಾವಣದಲ್ಲಿ ತೊಳೆದು, ಬಾಯಿ ಮತ್ತು ಗುದದ್ವಾರಕ್ಕೆ ಶೇ 2ರ ದ್ರಾವಣದಲ್ಲಿ ಅದ್ದಿದ ಹತ್ತಿ ತುಂಬಿ, ಬೇಗ ಸಂಸ್ಕಾರ ಮಾಡಲಿ. ಶವ ಮುಟ್ಟಿದವರು ಅಡುಗೆಗೆ ಕೈ ಹಾಕಬಾರದು. ಸಾವಿನ ಮನೆಯ ಊಟದಿಂದ ಒಂದೇ ಸಲಕ್ಕೆ ಹಲವು ಊರಿಗೆ ರೋಗ ಹೋಗಬಹುದು.

ಜನರಿಗೆ ಹೇಳುವ ಮಾತು ಚಿಕ್ಕದಿರಲಿ: ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕುಡಿಯಿರಿ, ಕುಡಿಯುತ್ತಲೇ ಕೇಂದ್ರಕ್ಕೆ ಬನ್ನಿ, ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಕೇಂದ್ರ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂಬುದು ಆ ಮಾತಿನಲ್ಲೇ ಇರಬೇಕು. ಎದ್ದಿರುವ ಗಾಳಿಸುದ್ದಿಯನ್ನು ದಿನವೂ ಕೇಳಿಸಿಕೊಂಡು ಮರುದಿನವೇ ಉತ್ತರ ಕೊಡಿ.

ಲಸಿಕೆ

ಬಾಯಿಗೆ ಹಾಕುವ ಲಸಿಕೆ 1 ವರ್ಷ ಮೇಲ್ಪಟ್ಟ ಎಲ್ಲರಿಗೂ 1.5 ಮಿ.ಲೀ. ಎರಡು ವಾರದ ಅಂತರದಲ್ಲಿ ಎರಡು ಡೋಸ್ ಕೊಟ್ಟರೆ ಸುಮಾರು 3 ವರ್ಷ ರಕ್ಷಣೆ, ಒಂದೇ ಡೋಸ್‌ಗೆ ಕನಿಷ್ಠ 6 ತಿಂಗಳು. ಜಾಗತಿಕ ದಾಸ್ತಾನು ಸಾಲದೆ 2022ರ ಅಕ್ಟೋಬರಿನಿಂದ ಸಾಂಕ್ರಾಮಿಕದ ನಡುವೆ ಒಂದೇ ಡೋಸ್ ಕೊಡುವ ಪದ್ಧತಿಗೆ ಬರಬೇಕಾಯಿತು. ರಕ್ಷಣೆ ಹುಟ್ಟಲು ವಾರಕ್ಕೂ ಹೆಚ್ಚು ಬೇಕು, ಚಿಕ್ಕ ಮಕ್ಕಳಲ್ಲಿ ಪ್ರಭಾವ ಕಡಿಮೆ. ಹಾಗಾಗಿ ಕೋರಿಕೆಯನ್ನು ರೋಗ ಖಚಿತವಾದ ದಿನವೇ ಕಳಿಸಿ. ರೋಗ ಇಳಿಯುತ್ತಿರುವ ಬಡಾವಣೆಗಿಂತ ಮುಂದೆ ಹರಡಬಹುದಾದ, ನೀರು ಕೆಟ್ಟಿರುವ ಬಡಾವಣೆಗೆ ಆದ್ಯತೆ ಕೊಡಿ. ಲಸಿಕೆ ಬಂತೆಂದು ನೀರಿನ ತಂಡ ವಾಪಸ್ಸಾಗಬಾರದು.

ಮುಗಿಯಿತೆಂದು ಯಾವಾಗ ಹೇಳುವುದು

ಸತತ 4 ವಾರ ಶಂಕಿತರೆಲ್ಲರ ಪರೀಕ್ಷೆ ನೆಗೆಟಿವ್ ಬಂದಿರಬೇಕು, ಅದೂ ಸಾಕಷ್ಟು ಮಾದರಿ ಕಳಿಸುತ್ತಿದ್ದಾಗ. ಮಾದರಿಯೇ ಕಳಿಸದೆ ಬಂದ ಸೊನ್ನೆ ಲೆಕ್ಕಕ್ಕಿಲ್ಲ. ರೋಗಿಗಳು ಕಡಿಮೆಯಾದಂತೆ ಮೊದಲು ಕೇಂದ್ರದ ಹಾಸಿಗೆ ಇಳಿಸಿ, ಓಆರ್‌ಎಸ್ ಕೇಂದ್ರಗಳನ್ನು ಕೊನೆಗೆ ಮುಚ್ಚಿ. ಕೇಂದ್ರ ಬಿಚ್ಚುವಾಗ ಮಂಚ, ಬಕೆಟ್ ಎಲ್ಲವನ್ನೂ ಶೇ 0.2ರ ದ್ರಾವಣದಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ಶೌಚದ ಗುಂಡಿಗಳಿಗೆ ಸುಣ್ಣ ಹಾಕಿ ಮಣ್ಣು ಮುಚ್ಚಿ, ಗುಂಡಿ ಇದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಡಿ. ಉಳಿದ ಡ್ರಿಪ್ ಮತ್ತು ಓಆರ್‌ಎಸ್ ಅವಧಿ ಮುಗಿಯುವ ತಾರೀಖಿನ ಸಮೇತ ಹತ್ತಿರದ ಆಸ್ಪತ್ರೆಯ ಉಗ್ರಾಣಕ್ಕೆ ಹೋಗಲಿ. ಚುಕ್ಕಿ ಇಟ್ಟ ನಕ್ಷೆ ನೀರು ಸರಬರಾಜಿನ ಎಂಜಿನಿಯರ್ ಕೈಗೆ ಹೋಗಲಿ. ಮುಂದಿನ ಮಳೆಗಾಲದ ಮೊದಲು ಯಾವ ಕೊಳವೆ, ಯಾವ ಬಾವಿ ಸರಿಪಡಿಸಬೇಕು ಎಂಬುದು ಅದರಲ್ಲಿದೆ.